ಭಾಯ್ ಅಂಗಡಿಯ ಮೀನು, ನಮ್ಮ ಲ್ಯಾಬಿನ ಬಸವನಹುಳು

ಇದು ಹೋದ ವರ್ಷ ಜೂನ್, ಜುಲೈನಲ್ಲಿ ನಡೆದದ್ದು. ವಿಷದ ಹುಳು ಸಾಕುವವರಿಗೆ ಇಂಥ ಪ್ರಸಂಗಗಳು ಆಗುತ್ತಲೇ ಇರುತ್ತವೆ. ನಾನು ಮೂರನ್ನು ಮಾತ್ರ ಬರೆದಿಟ್ಟುಕೊಂಡಿದ್ದೇನೆ.

ಹೆಬ್ಬಾಳದ ನಮ್ಮ ಲ್ಯಾಬಿನಲ್ಲಿ ಒಂದು ಕೋನ್ ಸ್ನೇಲ್ ಇದೆ. ಸಮುದ್ರದ ಬಸವನಹುಳು. ಚೆಂದದ ಚಿಪ್ಪು, ಮನುಷ್ಯರನ್ನೂ ಕೊಲ್ಲುವ ವಿಷ. ಜೀವಂತ ಮೀನು ತಿಂದರೆ ಮಾತ್ರ ನಮ್ಮ ಸಂಶೋಧನೆಗೆ ವಿಷ ಕೊಡುತ್ತದೆ. ಜುಲೈ ಕೊನೆಗೆ ಸಾಕಷ್ಟು ವಿಷ ಸೇರದಿದ್ದರೆ ನನ್ನ ಕೆಲಸ ಮುಂದುವರಿಯುವುದಿಲ್ಲ ಎಂದು ಲ್ಯಾಬ್ ನಡೆಸುವ ಸರ್ ಹೇಳಿದ್ದರು.

೧. ಬುದ್ಧಿವಾದ

ಆರ್.ಟಿ. ನಗರದ ಅಕ್ವೇರಿಯಂ ಅಂಗಡಿಯ ಭಾಯ್ ಮೀನು ಮಾರುವುದಿಲ್ಲ, ಮಗಳನ್ನು ಗಂಡನ ಮನೆಗೆ ಕಳಿಸಿದ ಹಾಗೆ ಕಳಿಸುತ್ತಾರೆ. ಅವರಿಗೆ ನಿಜ ಹೇಳಲು ನನಗೆ ಬಾಯಿ ಬರಲಿಲ್ಲ. ವಾರಕ್ಕೆ ನಾಲ್ಕು ಗೋಲ್ಡ್‌ಫಿಶ್ ಒಯ್ಯುತ್ತಿದ್ದೆ. ಎರಡನೇ ವಾರ ನೀರು ಬದಲಿಸಿ ಎಂದರು. ಮೂರನೇ ವಾರ ಆಹಾರ ಕಡಿಮೆ ಹಾಕಿ ಎಂದರು. ನಾಲ್ಕನೇ ವಾರ ಬಲೆಯನ್ನೇ ಕೆಳಗಿಟ್ಟರು.

“ಬೇಜಾರ್ ಮಾಡ್ಕೋಬೇಡಿ ಮೇಡಂ. ನಿಮ್ ಕೈಗೆ ಮೀನು ಆಗಿಬರಲ್ಲ. ಮನಿ ಪ್ಲಾಂಟ್ ಸಾಕಿ.”

೨. ಔಷಧಿ

ಬೇರೆ ಅಂಗಡಿಯ ಮೀನನ್ನು ಹುಳು ಮುಟ್ಟಲಿಲ್ಲ. ಹನ್ನೆರಡು ದಿನ ಉಪವಾಸ. ಲ್ಯಾಬ್ ಗುಡಿಸಲು ಬಾಗಲೂರಿನಿಂದ ಬರುವ ಅಕ್ಕನನ್ನು ಭಾಯ್ ಹತ್ತಿರ ಕಳಿಸಿದೆ. ಮೇಡಮ್ಮನಿಗೆ ಎಂದದ್ದೇ ತಡ, ಹಳೇ ಮೀನು ಹೇಗಿವೆ ಎಂದು ಭಾಯ್ ಕೇಳಿದರಂತೆ. ಅಕ್ಕನಿಗೆ ಸುಳ್ಳು ಬರದು. ಮೇಡಮ್ಮ ತಗೊಂಡು ಹೋದದ್ದು ಒಂದೂ ಉಳಿದಿಲ್ಲ ಎಂದುಬಿಟ್ಟರು.

ವಾಪಸ್ ಬಂದಾಗ ಕೈಯಲ್ಲಿ ಮೀನಿರಲಿಲ್ಲ, ಮೀನಿನ ನೀರಿಗೆ ಹಾಕುವ ನೀಲಿ ಔಷಧಿಯ ಬಾಟಲಿ ಇತ್ತು.

“ದಿನಕ್ಕೆ ಎಲ್ಡ್ ಅನಿ ಅಂದ್ರು ಮೇಡಮ್ಮ. ನೀವು ಊಟಕ್ ಮುಂಚೆ ಕುಡೀಬೇಕೋ, ಆದ್‌ಮೇಲೋ, ಕೇಳಾಕ್ ಮರ್ತೆ.”

೩. ತಪಾಸಣೆ

ಮರುದಿನ ಭಾಯ್ ತಾವೇ ಲ್ಯಾಬಿಗೆ ಬಂದರು, ನೀರು ಪರೀಕ್ಷಿಸುವ ಪಟ್ಟಿಗಳೊಂದಿಗೆ. ಪ್ರಯೋಗಕ್ಕೆಂದು ಒಂದು ಮೀನೂ ತಂದಿದ್ದರು. ಪಟ್ಟಿ ಅದ್ದಿ, ಉಪ್ಪುನೀರಿಗೆ ಗೋಲ್ಡ್‌ಫಿಶ್ ಬಿಡ್ತೀರಾ ಎಂದು ಹಣೆ ಚಚ್ಚಿಕೊಂಡರು. ನಿಜ ಹೇಳಿದೆ. ನಂಬಲಿಲ್ಲ. ಅವರ ಮೀನನ್ನೇ ಒಳಗೆ ಬಿಟ್ಟೆ.

ಮರಳು ಅಲುಗಿತು. ಒಂದು ಕೊಳವೆ ಹೊರಬಂತು. ಮೀನು ಒಂದೇ ಕ್ಷಣಕ್ಕೆ ಸೆಟೆದುಕೊಂಡಿತು. ಹುಳು ಚೀಲದಂತೆ ಬಾಯಗಲಿಸಿ ಅದನ್ನು ಪೂರ್ತಿ ನುಂಗಿತು.

ಕ್ಷಮೆ ಕೇಳೋಣವೆಂದು ನೋಡಿದರೆ ಭಾಯ್ ಮುಖ ಅರಳಿತ್ತು.

“ಅಂದ್ರೆ ನನ್ ಮೀನು ಕಾಯಿಲೆ ಬಿದ್ದು ಸತ್ತಿಲ್ಲ. ಒಂದ್ ತಿಂಗಳಿಂದ ನನಗೆ ಊಟ ಸೇರಿಲ್ಲ ಮೇಡಂ.” ಆಮೇಲೆ ಗಾಜಿಗೆ ಮೂಗು ತಾಗಿಸಿ, “ಇದರ ಮರಿ ಸಿಗುತ್ತಾ, ಅಂಗಡಿಗೆ?”

ಮನುಷ್ಯರಿಗೆ ಚುಚ್ಚಿದರೆ ಮದ್ದಿಲ್ಲ ಎಂದೆ. ಅವರು ತಲೆಯಾಡಿಸುತ್ತಾ ಹಿಂದೆ ಹಿಂದೆ ನಡೆದು ಬಾಗಿಲು ದಾಟಿದರು.

ಈಗ ಪ್ರತಿ ಗುರುವಾರ ಅವರೇ ಮೀನು ತರುತ್ತಾರೆ. ವಿಷ ಸೇರಿತು, ನನ್ನ ಕೆಲಸ ಉಳಿಯಿತು. ಭಾಯ್ ಮಾತ್ರ ಒಳಗೆ ಬರುವುದಿಲ್ಲ. ಚೀಲವನ್ನು ಗೇಟಿನ ಹತ್ತಿರ ಇಟ್ಟು ಫೋನ್ ಮಾಡುತ್ತಾರೆ. ಅಲ್ಲಿಂದ ಟ್ಯಾಂಕಿಗೆ ಟೇಪ್ ಹಿಡಿದು ನೋಡಿದೆ. ನೂರಾ ಹದಿನಾಲ್ಕು ಅಡಿ.