ಕಾರಿನ ಗುಂಬಕ್ಕೆ ಗಾಡಿಯ ಕೀಲೆಣ್ಣೆ

ಹೊಳೆಯುವುದನ್ನು ಉಜ್ಜುವುದರಲ್ಲಿ ಗಂಡಸರಿಗಿರುವ ಉತ್ಸಾಹ, ಅದರ ಒಳಗೇನಾಗಿದೆ ಎಂದು ನೋಡುವುದರಲ್ಲಿ ಇರುವುದಿಲ್ಲ. ಇದನ್ನು ನಾನು ಪುಸ್ತಕದಲ್ಲಿ ಓದಿದ್ದಲ್ಲ. ಅಕ್ಷರ ಕೂಡಿಸಿ ಓದಲು ಕಲಿತದ್ದೇ ಮೊಮ್ಮಗಳ ಸ್ಲೇಟು ಹಿಡಿದ ಮೇಲೆ. ನಮ್ಮ ಯಜಮಾನರು ಕಾರು ಸಾಕಿದ ಚೆಂದ ನೋಡಿ ಕಲಿತದ್ದು.

ಅಜ್ಜಂಪುರದ ಹತ್ತಿರದ ನಮ್ಮ ಊರಿಗೆ ಆ ಕಾರು ಬಂದದ್ದು ಎಪ್ಪತ್ತರ ದಶಕ ಮುಗಿಯುತ್ತಿದ್ದಾಗ. ಮೂರು ಕೈ ದಾಟಿದ ಹಳೆಯ ಕಾರು. ತಂದದ್ದು ಹೆಂಡತಿ ಮಕ್ಕಳನ್ನು ಕೂರಿಸಿ ಮೆರೆಸಲು ಎಂದು ನೀವು ತಿಳಿದರೆ ನಮ್ಮ ಯಜಮಾನರನ್ನು ನೀವು ಕಂಡಿಲ್ಲ. ನಮ್ಮೂರಲ್ಲಿ ಒಂದು ಪದ್ಧತಿ: ಮಠದ ಸ್ವಾಮಿಗಳನ್ನು ಯಾರ ಬಂಡಿ ಊರೊಳಗೆ ಕರೆತರುತ್ತದೋ, ಮೊದಲ ಪಾದಪೂಜೆ ಅವರ ಮನೆಯಲ್ಲಿ. ಸತತ ಮೂರು ಸಲ ಆ ಪೂಜೆ ಹೋದದ್ದು ಇವರ ದಾಯಾದಿ ತಮ್ಮ ರುದ್ರಪ್ಪನ ಮನೆಗೆ. ಮೂರನೆಯ ಸಲ ಇವರು ರುದ್ರಪ್ಪನ ಪಡಸಾಲೆಯಲ್ಲಿ ಹತ್ತೊಂಬತ್ತನೆಯವರಾಗಿ ತೀರ್ಥ ತೆಗೆದುಕೊಂಡು ಬಂದು ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಆಮೇಲೆ ಕಾರು ಬಂತು. ಭಕ್ತಿ ಎಂದರೆ ಹೀಗಿರಬೇಕು.

ಕಾರಿನ ಚಕ್ರದ ನಡುವೆ ತಟ್ಟೆಯಂಥ ಒಂದು ಹೊಳೆಯುವ ಮುಚ್ಚಳವಿರುತ್ತದೆ. ಇವರು ಬೆಳಗ್ಗೆ ಎದ್ದು, ವಿಭೂತಿ ಧರಿಸಿ, ಆ ನಾಲ್ಕು ಮುಚ್ಚಳಗಳನ್ನು ಹುಣಸೆಹಣ್ಣು ಹಾಕಿ ಉಜ್ಜುತ್ತಿದ್ದರು. ಮೂವತ್ತು ವರ್ಷದ ಸಂಸಾರದಲ್ಲಿ ನನಗೊಂದು ಚೊಂಬು ಬೆಳಗಿಕೊಟ್ಟವರಲ್ಲ. ಆ ಮುಚ್ಚಳದ ಹಿಂದೆ ಹಬ್ ಎಂಬುದೊಂದು ಇದೆ, ಗಾಡಿಯ ಚಕ್ರದಲ್ಲಿ ನಾವು ಗುಂಬ ಎನ್ನುತ್ತೇವಲ್ಲ, ಅದೇ. ಎಡಗಡೆ ಮುಂದಿನ ಚಕ್ರದ ಹಬ್ ಸವೆದು ನರಳತೊಡಗಿದಾಗ ಕಡೂರಿನ ಮೆಕ್ಯಾನಿಕ್ ಗೌಸ್ ಸಾಬರು ಹೊಸದು ಹಾಕಿಕೊಟ್ಟರು. "ಸ್ವಾಮೀ, ಒಂದು ತಿಂಗಳು ಓಡ್ಸಿ ತನ್ನಿ. ಬಿಚ್ಚಿ, ತೊಳ್ದು, ಗ್ರೀಸ್ ತುಂಬಿ, ನಟ್ ನೋಡ್ತೀನಿ. ಅಲ್ಲೀಗಂಟ ಯಾರೂ ಕೈ ಹಾಕ್ಬೇಡಿ" ಎಂದರು. ಇವರು ತಲೆ ಆಡಿಸಿದರು. ತಿಂಗಳಾಯಿತು, ಆರು ತಿಂಗಳಾಯಿತು. ಮುಚ್ಚಳದಲ್ಲಿ ಮುಖ ನೋಡಿಕೊಳ್ಳಬಹುದಿತ್ತು. ಒಳಗಿನ ಹಬ್ ಮತ್ತೆ ನರಳುತ್ತಿತ್ತು.

ಅಷ್ಟರಲ್ಲಿ ಸುದ್ದಿ ಬಂತು: ಸ್ವಾಮಿಗಳು ತರೀಕೆರೆಗೆ ಬಂದಿದ್ದಾರೆ, ಸೋಮವಾರ ನಮ್ಮೂರಿಗೆ.

"ಕಡೂರಿಗೆ ಹೋಗಿ ಚಕ್ರ ತೋರಿಸ್ಕಂಡು ಬರ್ರೀ" ಎಂದೆ.

"ಪೂಜೆ ಮುಗೀಲಿ ಕಣೇ. ಅದೇನು ನಿನ್ನ ಎತ್ತಿನ ಗಾಡಿನಾ, ದಿನಾ ಎಣ್ಣೆ ಕೇಳೋಕೆ? ಅದು ಇಂಜಿನಿಯರುಗಳು ಮಾಡಿರೋದು."

"ಇಂಜಿನಿಯರು ಮಾಡಿದ್ದಾದ್ರೂ ಉರುಳೋದು ನಮ್ಮ ರಸ್ತೆ ಮ್ಯಾಲೆ ಅಲ್ವಾ?"

"ನಿಂಗೇನು ಗೊತ್ತಾಗ್ತದೆ, ಒಳಗೆ ಹೋಗೇ."

ಒಳಗೆ ಹೋದೆ. ಅವರು ಉಂಡು ಮಲಗಿ ಗೊರಕೆ ಶುರು ಮಾಡಿದ ಮೇಲೆ ಹೊರಗೆ ಬಂದೆ. ಸುಟ್ಟ ಹುಲ್ಲಿನ ಕರಿಯನ್ನು ಹರಳೆಣ್ಣೆಯಲ್ಲಿ ಕಲಸಿದರೆ ಕೀಲೆಣ್ಣೆ. ಹದಿಮೂರನೆಯ ವಯಸ್ಸಿನಿಂದ ನಾನು ಕಲಸಿದ ಕೀಲೆಣ್ಣೆ ಹಾಕಿದ ಗಾಡಿ ಒಂದು ದಿನವೂ ಕಿರುಗುಟ್ಟಿದ್ದಿಲ್ಲ. ಗುದ್ದಲಿಯ ಮೂಲೆಯಿಂದ ದೊಡ್ಡ ಮುಚ್ಚಳ ಎಬ್ಬಿಸಿದೆ. ಒಳಗೆ ಬಟ್ಟಲಿನಂಥ ಇನ್ನೊಂದು ಚಿಕ್ಕ ಮುಚ್ಚಳ. ಅದನ್ನೂ ತಟ್ಟಿ ಬಿಚ್ಚಿದೆ. ಬೆರಳಲ್ಲಿ ಕೀಲೆಣ್ಣೆ ಒತ್ತಿ ಒತ್ತಿ, ಹೋಳಿಗೆಗೆ ಹೂರಣ ತುಂಬಿದ ಹಾಗೆ ತುಂಬಿದೆ. ಗೊರಕೆ ನಿಂತಿತು. ಗಾಬರಿಯಲ್ಲಿ ದೊಡ್ಡ ಮುಚ್ಚಳ ಗುದ್ದಿ ಕೂರಿಸಿ ಒಳಗೆ ಓಡಿದೆ. ಚಿಕ್ಕದು ನನ್ನ ಮಡಿಲಲ್ಲೇ ಉಳಿದಿತ್ತು. ಇರಲಿ, ಒಳಗಿನದು ಯಾರಿಗೆ ಕಾಣುತ್ತದೆ ಎಂದು ಒಲೆಯ ಮೇಲಿನ ಗೂಡಿನಲ್ಲಿಟ್ಟೆ.

ಸೋಮವಾರ ಕಾರು ನರಳದೆ ತರೀಕೆರೆ ಮುಟ್ಟಿತು. "ನೋಡ್ದಾ, ಅದೇ ಸರಿ ಹೋಯ್ತು" ಎಂದರು ಇವರು. ನಾನು ಒಳಗೊಳಗೇ ಬೀಗಿದೆ. ಹಿಂದಿನ ಸೀಟಿನಲ್ಲಿ ಸ್ವಾಮಿಗಳು, ಮುಂದೆ ಇವರು, ಪಕ್ಕದಲ್ಲಿ ಪೂಜೆಯ ನೀರಿನ ಕೊಡ ಹಿಡಿದ ನಾನು. ಅರ್ಧ ದಾರಿ ಕಳೆದಿರಬೇಕು, ಸ್ವಾಮಿಗಳು ಮೂಗು ಅರಳಿಸಿದರು. "ಏನಪ್ಪಾ, ಇಲ್ಲೆಲ್ಲೋ ಬಾಣಂತಿಗೆ ಹರಳೆಣ್ಣೆ ಕಾಯಿಸ್ತಾ ಇದಾರಾ?"

ಸುತ್ತ ಬರೀ ಹೊಲ. ಅಷ್ಟರಲ್ಲಿ ಎಡಗಡೆ ಚಕ್ರದಿಂದ ಹೊಗೆ ಎದ್ದು, ಕಾರು ಒಂದು ಸಲ ಕಿರುಚಿ ನಿಂತುಬಿಟ್ಟಿತು. ಇವರು ನನ್ನ ಕೈಯಿಂದ ಕೊಡ ಕಿತ್ತುಕೊಂಡು ಪಾದಪೂಜೆಯ ನೀರನ್ನೆಲ್ಲ ಚಕ್ರಕ್ಕೆ ಎರೆದರು. ಚಕ್ರ ಬುಸುಗುಟ್ಟಿತು, ಅಲುಗಲಿಲ್ಲ. ಮೊದಲ ಪೂಜೆ ಅದಕ್ಕೇ ಸಂದಿತು.

ಬಂದದ್ದು ಬೇರೆ ಯಾರೂ ಅಲ್ಲ, ಈರುಳ್ಳಿ ಮೂಟೆ ಹೇರಿದ ಟ್ರ್ಯಾಕ್ಟರಿನಲ್ಲಿ ರುದ್ರಪ್ಪ.

"ಏನಣ್ಣಾ, ಕಾರು ಕುಂತ್ಬಿಟ್ಟಿದೆ?"

"ಕುಂತಿಲ್ಲ ಕಣೋ, ಸುಧಾರಿಸ್ಕಂತಾ ಇದೆ."

"ಸುಧಾರಿಸ್ಕಳ್ಳಲಿ ಬಿಡು, ವಯಸ್ಸಾಗದೆ. ಬುದ್ಧೀ, ಕಂಬಳಿ ಹಾಸ್ತೀನಿ, ಮೂಟೆ ಮ್ಯಾಲೆ ದಯಮಾಡ್ಸಿ."

ಸ್ವಾಮಿಗಳು ಈರುಳ್ಳಿಯ ಮೇಲೆ ದಯಮಾಡಿಸಿದರು. ಯಜಮಾನರ ಕಣ್ಣಲ್ಲಿ ನೀರು ಬಂತು. ಈರುಳ್ಳಿ ಘಾಟು ಎಂದರು. ಮೂಟೆ ಆಗಲೇ ದೂರ ಹೋಗಿಯಾಗಿತ್ತು.

ಮಾರನೆಯ ದಿನ ಗೌಸ್ ಸಾಬರು ಬಸ್ಸಿನಲ್ಲಿ ಬಂದು ಅಲ್ಲೇ ರಸ್ತೆ ಬದಿಯಲ್ಲಿ ಚಕ್ರ ಬಿಚ್ಚಿದರು. ನಾನು ರೊಟ್ಟಿ ಕಟ್ಟಿಕೊಂಡು ಹೋಗಿದ್ದೆ. ಹಬ್ ಒಳಗಿನ ಕರಿಯನ್ನು ಬೆರಳಲ್ಲಿ ತೆಗೆದು ಮೂಸಿದರು. ನನ್ನ ಕಡೆ ನೋಡಿದರು. ನಾನು ಈರುಳ್ಳಿ ಹೊಲ ನೋಡಿದೆ. "ಅಮ್ಮಾ, ಹುಲ್ಲಿನ ಕರಿ ಮರದ ಗುಂಬಕ್ಕೆ ಸೈ. ಉಕ್ಕಿನ ಬೇರಿಂಗಿಗೆ ಬಿದ್ರೆ ಮರಳು ಹಾಕಿ ಉಜ್ಜಿದಂಗೆ ಕಣಮ್ಮಾ" ಎಂದರು, ಮೆಲ್ಲಗೆ. ಆಮೇಲೆ ಗಟ್ಟಿಯಾಗಿ, "ಸ್ವಾಮೀ, ಒಳಗಿನ ಚಿಕ್ಕ ಮುಚ್ಚಳ ಎಲ್ಲಿ?"

"ಹಾಕ್ದೋನು ನೀನು, ನನ್ನ ಕೇಳ್ತೀಯಾ? ನೀನು ಹಾಕೇ ಇಲ್ಲ ಕಣೋ! ಧೂಳು ಹೋಗಿ ಕೆಟ್ಟಿದೆ. ನನ್ನ ಪೂಜೆ ಕಳೆದ್ಯಲ್ಲೋ!" ಇವರು ಅರ್ಧ ಗಂಟೆ ಬೈದರು. ಗೌಸ್ ಸಾಬರು ನನ್ನ ರೊಟ್ಟಿ ತಿನ್ನುತ್ತಾ ಬೈಸಿಕೊಂಡರು, ನನ್ನ ಹೆಸರೆತ್ತಲಿಲ್ಲ. ನಾನೂ ಎತ್ತಲಿಲ್ಲ.

ಅಲ್ಲಿಂದ ಮುಂದೆ ಯಜಮಾನರು ತಿಂಗಳಿಗೊಮ್ಮೆ ತಪ್ಪದೆ ಕಡೂರಿಗೆ ಹೋಗಿ ನಾಲ್ಕೂ ಹಬ್ ಬಿಚ್ಚಿಸಿ ಗ್ರೀಸ್ ತುಂಬಿಸುತ್ತಿದ್ದರು. ಅವರಿಗೆ ಬುದ್ಧಿ ಬಂದದ್ದು ನನ್ನಿಂದ ಎಂದು ಹೇಳಿಕೊಳ್ಳಲು ಆಗದ್ದೇ ನನ್ನ ಸಂಕಟ. ಅದನ್ನು ಬೇರೆ ದಾರಿಯಲ್ಲಿ ತೀರಿಸಿಕೊಂಡೆ: ಮನೆಯಲ್ಲಿ ಮಾತಿಗೆ ಮಾತು ಬಂದಾಗಲೆಲ್ಲ, "ಒಂದು ಚಕ್ರ ನೋಡ್ಕಳ್ಳಾಕೆ ಆಗದೆ ಸ್ವಾಮಿಗಳನ್ನ ಈರುಳ್ಳಿ ಮ್ಯಾಲೆ ಕೂರಿಸ್ದೋರು ನೀವು" ಎಂದು ಚುಚ್ಚುತ್ತಿದ್ದೆ. ಅವರು ಕೊನೆಯ ತನಕ ಬಾಯಿ ಮುಚ್ಚಿಕೊಂಡೇ ಬಾಳಿದರು. ಬಟ್ಟಲಿನಂಥ ಆ ಮುಚ್ಚಳ ನನ್ನ ಒಲೆಯ ಗೂಡಿನಲ್ಲೇ ಇತ್ತು. ಮೊಮ್ಮಕ್ಕಳಿಗೆ ಹರಳೆಣ್ಣೆ ಕುಡಿಸಲು ಅಳತೆ ಸರಿಯಾಗಿತ್ತು. ಕಾರು ಮಾರುವ ದಿನ, ಗೌಸ್ ಸಾಬರನ್ನು ಬೈದದ್ದು ಮರೆತು, ಆ ಹಳೆಯ ಚಿಕ್ಕ ಮುಚ್ಚಳ ಇಲ್ಲೇ ಎಲ್ಲೋ ಉದುರಿರಬೇಕು, ಸಿಕ್ಕರೆ ಜೋಡಿ ಪೂರ್ತಿಯಾಗುತ್ತದೆ ಎಂದು ಯಜಮಾನರು ಕಾರು ನಿಲ್ಲಿಸುತ್ತಿದ್ದ ಕೊಟ್ಟಿಗೆಯ ಮೂಲೆ ಮೂಲೆ ಹುಡುಕಿದರು. ಪಾಪ, ಒಬ್ಬರೇ ಎಷ್ಟು ಹುಡುಕಿಯಾರು ಎಂದು ನಾನೂ ಸೆರಗು ಸಿಕ್ಕಿಸಿ, ಸೊಂಟ ಬಗ್ಗಿಸಿ, ಅವರ ಜೊತೆ ಮಧ್ಯಾಹ್ನದವರೆಗೆ ಹುಡುಕಿದೆ.