ಚಿಂಚೋಳಿಗೆ ಹೋದ ಆಮ್ಲಜನಕ

ಯಾರ ಕಾಲು ಬೇಕಾದರೂ ಮುರಿಯಲಿ, ಜೀವಶಾಸ್ತ್ರದ ಮಾಸ್ತರನದು ಮಾತ್ರ ಮುರಿಯಬಾರದು. ಉಳಿದವರು ನರಳುತ್ತಾರೆ, ಅವನು ಪಾಠ ಮಾಡುತ್ತಾನೆ. ವಾಡಿಯ ನಮ್ಮ ಮನೆಗೆ ನಾನೇ ಆರಿಸಿ ಹಾಕಿಸಿದ ನುಣುಪಾದ ಶಹಾಬಾದ ಫರಸಿಕಲ್ಲಿನ ನೆಲದ ಮೇಲೆ, ಹೆಂಡತಿ ಸುಧಾ ಆಗತಾನೆ ಒರೆಸಿದ್ದಾಗ, ಜಾರಿ ಬಿದ್ದು ಕಾಲು ಮುರಿದುಕೊಂಡೆ. ಮಾತಾಡಿಸಲು ಬಂದವರಿಗೆಲ್ಲ ಮಂಚದಿಂದಲೇ ತರಗತಿ ಶುರುವಾಯಿತು. "ಎಲುಬು ಮುರಿದಲ್ಲಿ ರಕ್ತನಾಳಾನೂ ಹರಿದಿರ್ತಾವ್ರಿ. ಆಮ್ಲಜನಕ ಕಡಿಮಿ ಆಗ್ತದ. ಆದ್ರ ಅಲ್ಲಿನ ಕೋಶ ಸುಮ್ಮ ಕೂಡಂಗಿಲ್ಲ, 'ಕೊರತಿ ಬಿದ್ದದ, ದಾರಿ ಮಾಡ್ರಿ' ಅಂತ ಸಂದೇಶ ಕಳಸ್ತಾವ. ಹೊಸ ರಕ್ತನಾಳ ಬೆಳೀತಾವ, ಅದರ ಬೆನ್ನಿಗೇ ಹೊಸ ಎಲುಬು!" ಬಂದವರು ತಲೆದೂಗಿ ಚಹಾ ಕುಡಿದು ಹೋಗುತ್ತಿದ್ದರು. ಪ್ರತಿ ಪಾಠಕ್ಕೂ ನನಗೊಂದು ಕಪ್ಪು ಇದ್ದೇ ಇತ್ತು.

ಪ್ಲಾಸ್ಟರ್ ತೆಗೆದ ಡಾಕ್ಟರು ಕೋಲು ಹಿಡಿದು ನಡೆಯಲು ಹೇಳಿದರು. ನನಗೋ ಮಂಚ ಒಗ್ಗಿಬಿಟ್ಟಿತ್ತು. ಅಷ್ಟರಲ್ಲಿ ಚಿಂಚೋಳಿಯಲ್ಲಿ ಸುಧಾಳ ತಂಗಿಯ ಕುಬಸ ಬಂತು. ಬಸುರಿ ತಂಗಿಗೆಂದು ಹಸಿರು ಸೀರೆ, ಬಳೆ ಎಲ್ಲ ತಂದಿಟ್ಟಿದ್ದಳು. "ನನ್ನ ಹಿಂಗ ಬಿಟ್ಟು ಹೋಗ್ತೀಯೇನು?" ಎಂದು ದೀನಸ್ವರ ತೆಗೆದೆ.

"ನಿಮ್ಮ ಪಾಠ ಕೇಳಿ ಕೇಳಿ ನನಗೂ ಬಾಯಿಪಾಠ ಆಗ್ಯದ್ರಿ. ಎಲ್ಲಾ ಕುಂತಲ್ಲೇ ಸಿಗೂ ತನಕ ಕೋಶನೂ ಅಲ್ಲಾಡಂಗಿಲ್ಲ, ಹೌದಲ್ರಿ? ಕೊರತಿ ಬಿದ್ದಮ್ಯಾಲೇ ಬೆಳೀತಾವ. ರೊಟ್ಟಿ ಬಾಜೂ ಮನಿ ವೈನಿ ಕೊಡ್ತಾರ. ಚಹಾ ನೀವೇ ಮಾಡ್ಕೋರಿ."

"ಆಮ್ಲಜನಕ ಪೂರ್ತಿ ಬಂದ್ ಆದ್ರ ಕೋಶ ಸಾಯ್ತಾವ, ಸುಧಾ!"

"ಅದಕ್ಕಂತನೇ ಚಹಾಪುಡಿ, ಸಕ್ಕರಿ ಕೈಗೆ ಸಿಗೂಹಂಗ ಇಟ್ಟೀನಿ."

ಅವಳು ಬಸ್ಸು ಹತ್ತಿದಳು. ಚಹಾ ಇಲ್ಲದ ತಲೆನೋವು ತಡೆಯಲಾರದೆ ಗೋಡೆ ಹಿಡಿದು ಅಡುಗೆಮನೆ ಸೇರಿದೆ. ಹಾಲು ಉಕ್ಕಿಸಿದೆ, ಬೆರಳು ಸುಟ್ಟುಕೊಂಡೆ, ಆದರೂ ನಿಂತುಕೊಂಡೇ ಕುಡಿದ ಆ ಚಹಾದ ರುಚಿ ಏನು ಹೇಳಲಿ! ಆಮೇಲೆ ಹಾಲು ತರಲು ಓಣಿಯ ತುದಿಯವರೆಗೂ ಹೋಗತೊಡಗಿದೆ. ಆದರೆ ಪಾಠ ಕೇಳುವವರಿಲ್ಲದ ಮನೆ ಬಿಕೋ ಎನ್ನುತ್ತಿತ್ತು. ನಿಜ ಹೇಳಬೇಕೆಂದರೆ, ಅವಳಿಲ್ಲದೆ ನನಗೆ ಉಸಿರಾಡಲಾಗುತ್ತಿರಲಿಲ್ಲ. ಕೋಲು ಹಿಡಿದು ಸ್ಟೇಶನ್ ಎದುರಿನ ಎಸ್‌ಟಿಡಿ ಬೂತಿಗೆ ಹೋಗಿ ಫೋನು ಹಚ್ಚಿದೆ.

"ಸುಧಾ, ಭಾಳ ತ್ರಾಸ ಆಗ್ಲಿಕತ್ತದ. ಹಾಸಿಗಿ ಬಿಟ್ಟು ಏಳಲಿಕ್ಕೇ ಆಗವಲ್ದು. ಲಗೂ ಬಾ."

ಹಿಂದಿನಿಂದ ರೈಲು ಜೋರಾಗಿ ಕೂಗಿತು. ನಮ್ಮ ಮನೆಯಲ್ಲಿ ಫೋನಿಲ್ಲವೆಂಬುದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

"ಹೊಸ ರಕ್ತನಾಳ ಸ್ಟೇಶನ್ ಮಟ ಬೆಳದಾವ ಅನ್ರಿ," ಎಂದು ಬಿದ್ದು ಬಿದ್ದು ನಕ್ಕಳು. "ಇನ್ನ ನಾಕು ದಿನ ಇದ್ದು ಬರ್ತೀನಿ. ಎಲುಬೂ ಗಟ್ಟಿ ಆಗ್ಲಿ."

ಸಿಟ್ಟಿನಿಂದ ಫೋನಿಟ್ಟು ದಾಪುಗಾಲು ಹಾಕುತ್ತ ಮನೆಯ ಕಡೆ ಹೊರಟೆ. ಅರ್ಧ ದಾರಿಗೆ ಬಂದ ಮೇಲೆ ನೆನಪಾಯಿತು, ಕೋಲು ಬೂತಿನಲ್ಲೇ ಉಳಿದಿತ್ತು.