ಹಲೋ, ಹೆಸರು ಹೇಳ್ರಿ

ಎಪ್ಪತ್ತರ ದಶಕದಲ್ಲಿ ನಾನು ಹಿರಿಯೂರಿನಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದೆ. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಎದುರಿಗಿದ್ದ ಬೋರ್ಡಿನ ತೂತುಗಳಿಗೆ ವೈರು ಚುಚ್ಚಿ, ಇವರನ್ನು ಅವರ ಜೊತೆ ಮಾತಾಡಿಸುವ ಕೆಲಸ. ಫೋನಿಗೆ ನಮ್ಮ ಜನರ ಬುದ್ಧಿ ಗೊತ್ತಿರಲಿಲ್ಲ, ಜನಕ್ಕೆ ಫೋನಿನ ಬುದ್ಧಿ ಗೊತ್ತಿರಲಿಲ್ಲ. ನಡುವೆ ಕೂತವಳು ನಾನು. ಹಾಗಾಗಿ ನಗುವನ್ನು ಹುಡುಕಿಕೊಂಡು ಎಲ್ಲೂ ಹೋಗಬೇಕಾಗಿರಲಿಲ್ಲ, ಅದೇ ಬಾಗಿಲು ತಳ್ಳಿಕೊಂಡು ಬರುತ್ತಿತ್ತು.

ಕಾಗೆ

ಬಬ್ಬೂರಿನ ಯಜಮಾನರೊಬ್ಬರು ಹೊಳಲ್ಕೆರೆಗೆ ಕೊಟ್ಟಿದ್ದ ಮಗಳ ಜೊತೆ ಮಾತಾಡಲು ಆಗಾಗ ಬರುತ್ತಿದ್ದರು. ಊರಿನವರಿಗೆಲ್ಲ ಇದ್ದ ಫೋನು ನಮ್ಮ ಮುಂದಿನ ಕೋಣೆಯಲ್ಲೇ ಇತ್ತು. ಕಾಲ್ ಬುಕ್ ಮಾಡಿದವರು ಲೈನು ಸಿಗುವವರೆಗೆ ಬೆಂಚಿನ ಮೇಲೆ ಕಾಯಬೇಕು. ಇವರು ಮಾತ್ರ ಕೂರುತ್ತಿರಲಿಲ್ಲ. ಹೊರಗೆ ಹೋಗಿ, ಮಣ್ಣಿನ ಹೆಂಟೆ ಎಸೆದು, "ಹುಶ್, ಹುಶ್" ಅಂತ ಕೂಗಾಡಿ ಬರುತ್ತಿದ್ದರು.

"ಏನ್ಮಾಡ್ತಿದೀರಿ ಯಜಮಾನ್ರೇ?" ಅಂತ ಒಂದು ದಿನ ಕೇಳಿದೆ.

"ತಂತಿ ಮ್ಯಾಲೆ ಕಾಗೆ ಕುಂತಾವೆ ತಾಯಿ. ಹಂಗೆ ದಾರಿಗಡ್ಡ ಕುಂತ್ಕಂಡ್ರೆ ಮಾತು ಹೆಂಗೆ ದಾಟ್ತೈತೆ?"

ನಾನು ಎಸ್ಸೆಸ್ಸೆಲ್ಸಿಯಲ್ಲಿ ಓದಿದ್ದನ್ನೆಲ್ಲ ನೆನಪು ಮಾಡಿಕೊಂಡು, ವಿದ್ಯುತ್ತು ಅಂದರೆ ಹೀಗೆ, ಧ್ವನಿ ಅಂದರೆ ಹಾಗೆ ಅಂತ ಬಿಡಿಸಿ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು, "ಅದೆಲ್ಲ ಸರಿ, ಕಾಗೆಗೆ ಇದೆಲ್ಲ ಗೊತ್ತೈತಾ?" ಅಂದರು.

ನನ್ನ ಕರ್ಮ ನೋಡಿ. ಅವರು ಕಾಗೆ ಎಬ್ಬಿಸಿದ ದಿನ ಹೊಳಲ್ಕೆರೆ ಲೈನು ಪಕ್ಕದ ಮನೆಯಿಂದ ಮಾತಾಡಿದಷ್ಟು ಸ್ಪಷ್ಟ. ಎಬ್ಬಿಸದ ದಿನ ಬರೀ ಗೊರಗೊರ. ಕೊನೆಕೊನೆಗೆ ಲೈನು ಕೆಟ್ಟಿದೆ ಅಂತ ಯಾರಾದರೂ ದೂರಿದರೆ, ನಮ್ಮ ಲೈನ್‌ಮನ್ ಕೂಡ ಮೊದಲು ಹೊರಗೆ ಹೋಗಿ ಒಂದು ಹೆಂಟೆ ಎತ್ತಿಕೊಳ್ಳತೊಡಗಿದ.

ಮೂರು ನಿಮಿಷ

ಬೇರೆಯವರ ಮಾತು ಬಿಡಿ, ನನ್ನ ತಲೆಯೇ ಬೋರ್ಡಿನ ಥರ ಆಗಿಬಿಟ್ಟಿತ್ತು. ಬೇರೆ ಊರಿಗೆ ಮಾಡುವ ಟ್ರಂಕ್ ಕಾಲಿಗೆ ಮೂರು ನಿಮಿಷದ ಲೆಕ್ಕ. ಅದು ಮುಗಿದ ತಕ್ಷಣ ಆಪರೇಟರು ನಡುವೆ ಬಾಯಿ ಹಾಕಿ, "ಮೂರು ನಿಮಿಷ ಆಯ್ತು, ಮುಂದುವರಿಸ್ತೀರಾ?" ಅಂತ ಕೇಳಬೇಕು.

ಒಂದು ಸಂಜೆ ನಮ್ಮತ್ತೆ ಅವರ ತಂಗಿಯ ಮನೆ ರಾಮಾಯಣ ಶುರುಮಾಡಿದ್ದರು. ನಾನು ಅವರೆಕಾಯಿ ಸುಲಿಯುತ್ತಾ ಹೂಂ ಹೂಂ ಅನ್ನುತ್ತಿದ್ದೆ. ಕಣ್ಣು ಗೋಡೆ ಗಡಿಯಾರದ ಕಡೆ ಹೋಯಿತು, ಬಾಯಿ ತಾನಾಗಿಯೇ ಅಂದುಬಿಟ್ಟಿತು: "ಮೂರು ನಿಮಿಷ ಆಯ್ತು, ಮುಂದುವರಿಸ್ತೀರಾ?"

ಅತ್ತೆ ಎದ್ದು ಒಳಗೆ ಹೋದರು. ಎರಡು ದಿನ ಮಾತಿಲ್ಲ, ಕತೆಯಿಲ್ಲ. ಆಮೇಲೆ ನನ್ನ ತವರಿನಿಂದ ಅಮ್ಮ ಬಂದಳು. ನಾವಿಬ್ಬರೂ ಜಗಲಿಯಲ್ಲಿ ಕೂತು ಮಾತಿಗೆ ಬಾಯಿ ತೆರೆದಿದ್ದೇ ತಡ, ಅಡುಗೆಮನೆಯಿಂದ ಅತ್ತೆಯ ತಲೆ ಹೊರಗೆ ಬಂತು.

"ಮೂರು ನಿಮಿಷ ಆಯ್ತು ಕಣಮ್ಮ."

ಹೆಸರು

ಟ್ರಂಕ್ ಕಾಲಿನಲ್ಲಿ ಎರಡು ಜಾತಿ. ಆರ್ಡಿನರಿ ಅಂದರೆ, ಆ ಕಡೆ ಯಾರು ಫೋನೆತ್ತಿದರೂ ಮಾತಾಡಬಹುದು. ಪಿ.ಪಿ. ಅಂದರೆ, ಹೆಸರು ಕೊಟ್ಟ ಆಸಾಮಿಯೇ ಬರಬೇಕು.

ಒಂದು ಬೆಳಿಗ್ಗೆ ಊರಂಚಿನ ಹಟ್ಟಿಯಿಂದ ಕುರಿ ಸಾಕುವ ಮನೆಯ ಹೆಂಗಸೊಬ್ಬರು ಏದುಸಿರು ಬಿಡುತ್ತಾ ಬಂದರು.

"ಮಗಳನ್ನ ನೋಡಾಕೆ ಹೊಸದುರ್ಗದೋರು ಬಂದು ಕುಂತವ್ರೆ ಮೇಡಮ್ನೋರೆ. ಹೂಂ ಅಂತೀರೋ ಇಲ್ಲೋ ಈಗ್ಲೇ ಹೇಳ್ರಿ, ಇಲ್ದಿದ್ರೆ ಹೊಳಲ್ಕೆರ್ಯಾಗೆ ಇನ್ನೊಂದು ಹುಡುಗಿ ನೋಡಾಕೆ ಹೋಗ್ತೀವಿ ಅಂತಾರೆ. ಹುಡುಗ ಬಂಗಾರದಂಥೋನು, ಬಂದೋನೇ ತಾನು ಕಾಫಿ ಮುಟ್ಟೋ ಮುಂಚೆ ನಮ್ಮ ಮರಿಗೆ ನೀರಿಟ್ಟ. ನನ್ನ ಮಗಳಿಗೂ ಮನಸೈತೆ. ಆದ್ರೆ ನಮ್ಮನೆಯೋರು ದುರ್ಗದ ಉಣ್ಣೆ ಮಂಡಿಗೆ ಹೋಗವ್ರೆ, ಅವರ ಮಾತಿಲ್ದೆ ನಾನೆಂಗೆ ಹೂಂ ಅನ್ಲಿ?"

ನನಗೂ ಅಯ್ಯೋ ಅನ್ನಿಸಿತು. ಎರಡು ಜಾತಿಯ ವಿಷಯ ತಿಳಿಸಿ, "ನಿಮಗೆ ಪಿ.ಪಿ.ನೇ ಬೇಕು. ಯಜಮಾನ್ರ ಹೆಸರು ಹೇಳ್ರಿ" ಅಂದೆ.

ಆಕೆ ಸೆರಗು ಬಾಯಿಗೆ ಹಿಡಿದರು. "ಗಂಡನ ಹೆಸರು ಹೆಂಗೆ ಹೇಳಾಣ?"

"ಹೇಳದಿದ್ರೆ ಯಾರನ್ನ ಕರೀಲಿ ಅಕ್ಕ?"

ಆಕೆ ಯೋಚಿಸಿ, "ಹಟ್ಟಿ ಹಿಂದೆ ಸಗಣಿ, ಕಸ ಹಾಕ್ತೀವಲ್ಲ, ಅದು" ಅಂದರು.

"ಗುಂಡಿನಾ? ಗುಂಡಪ್ಪನಾ?"

"ಗುಂಡಿ ಅಲ್ರಿ. ಎತ್ತರಕ್ಕಿರ್ತೈತೆ."

"ಬೆಟ್ಟಪ್ಪನಾ?"

"ಅಷ್ಟು ಎತ್ತರ ಅಲ್ಲ. ನಾರ್ತೈತೆ."

"ತಿಪ್ಪೆ?"

"ಹೂಂ. ಅದಕ್ಕೊಂದು ಸ್ವಾಮಿ ಹಚ್ಕಳ್ರಿ."

ದುರ್ಗಕ್ಕೆ ಲೈನು ಸಿಕ್ಕಿತು. ಮಂಡಿಯಲ್ಲಿ ಯಾರೋ "ತಿಪ್ಪೇಸ್ವಾಮಿ, ಹಿರಿಯೂರಿಂದ ಫೋನು" ಅಂತ ಕೂಗಿದ್ದು ಕೇಳಿಸಿತು. ಒಬ್ಬರು ಬಂದರು. "ತಿಪ್ಪೇಸ್ವಾಮಿಯವರೇನ್ರಿ?" ಅಂದೆ. "ಹೌದ್ರಿ" ಅಂದರು. ಲೈನು ಆಕೆಗೆ ಕೊಟ್ಟೆ.

ಆಕೆ ಒಂದೇ ಉಸಿರಿಗೆ ಎಲ್ಲ ಒಪ್ಪಿಸಿ, "ಏನನ್ಲಿ?" ಅಂದರು. ಲೈನು ಗೊರಗೊರ ಅನ್ನುತ್ತಿತ್ತು, ಯಾರ ದನಿಯೂ ಸರಿಯಾಗಿ ಗುರುತು ಸಿಗುವಂತಿರಲಿಲ್ಲ. ಆಮೇಲೆ, "ಹುಡುಗಿಗೆ ಒಪ್ಪಿಗೆ ಐತಾ?"

"ಐತೆ."

"ಮತ್ತೆ ನನ್ನನ್ಯಾಕೆ ಕೇಳ್ತೀಯಮ್ಮ? ಹೂಂ ಅಂದುಬಿಡು."

ಫೋನಿಟ್ಟ ಆಕೆಯ ಕಣ್ಣು ತುಂಬಿತ್ತು. "ಲಗ್ನಾದಾಗಿಂದ ಇಷ್ಟು ಒಳ್ಳೆ ಮಾತಾಡಿದ್ದಿಲ್ಲ ನೋಡ್ರಿ. ಈ ಫೋನಾಗೆ ಏನೋ ಐತೆ, ಗಂಡಸ್ರ ಬುದ್ಧಿ ತಿದ್ತೈತೆ" ಅಂದು, ಹೂಂ ಹೇಳಲು ಹಟ್ಟಿಗೆ ಓಡಿದರು.

ಸಂಜೆ ಒಬ್ಬ ಗಂಡಸು ಕಂಬಳಿ ಕೊಡವುತ್ತಾ ಒಳಗೆ ನುಗ್ಗಿದ. ಹಿಂದೆ ಅದೇ ಹೆಂಗಸು.

"ಯಾವನಮ್ಮ ನನ್ನ ಮಗಳ ಲಗ್ನ ನಿಶ್ಚಯ ಮಾಡಿದೋನು? ನಾನು ಆಗ ಟೀ ಅಂಗಡ್ಯಾಗಿದ್ದೆ."

ಆಗಲೇ ನನಗೆ ಎಡವಟ್ಟು ಹೊಳೆದದ್ದು. ನಮ್ಮ ದುರ್ಗದ ಕಡೆ ಮನೆಗೊಬ್ಬ ತಿಪ್ಪೇಸ್ವಾಮಿ ಇರುತ್ತಾನೆ, ಮಂಡಿಯಲ್ಲಿ ಇನ್ನೊಬ್ಬ ಇದ್ದ. ಹೆಂಡತಿ ಮಾತ್ರ ಹಿಂದೆ ಸರಿಯಲಿಲ್ಲ.

"ಆ ಹೆಸರಿನೋರೇ ಮಾತು ಕೊಟ್ಟವ್ರೆ. ನೀವಾಗಿದ್ರೆ ಏನಂತಿದ್ರಿ?"

ಆತ ಬಾಯಿ ತೆರೆಯುವ ಮೊದಲೇ ಉತ್ತರವನ್ನೂ ಆಕೆಯೇ ಕೊಟ್ಟರು.

"ಬಂದ್ಮೇಲೆ ನೋಡಾಣ ಅಂತಿದ್ರಿ. ಅಷ್ಟೊತ್ತಿಗೆ ಹುಡುಗ ಹೊಳಲ್ಕೆರೆ ಪಾಲು."

ಆತ ಬೆಂಚಿನ ಮೇಲೆ ಕೂತ. ಕಂಬಳಿ ಮಡಚಿ ಪಕ್ಕಕ್ಕಿಟ್ಟು, "ಮರಿಗೆ ನೀರು ಅವನೇ ಇಟ್ಟನಾ?" ಅಂದ.

"ಅವನೇ ಇಟ್ಟ."

"ಹೂಂ" ಅಂದ. ನನಗೂ ಹೋದ ಜೀವ ಬಂತು.

ಮದುವೆಗೆ ನನ್ನನ್ನೂ ಕರೆದಿದ್ದರು. ಚಪ್ಪರದಲ್ಲಿ ಎಲ್ಲರಿಗಿಂತ ಮುಂದೆ, ದೊಡ್ಡ ರುಮಾಲು ಸುತ್ತಿಕೊಂಡು ಒಬ್ಬರು ಬೀಗರಿಗಿಂತ ಜೋರಾಗಿ ಕೂತಿದ್ದರು. ಹುಡುಗಿಯ ಅಪ್ಪ ಜಗಳಕ್ಕೆಂದು ಮಂಡಿಯಲ್ಲಿ ಹುಡುಕಿ ಹಿಡಿದು, ಕೊನೆಗೆ ಟೀ ಕುಡಿಸಿ ಮದುವೆಗೆ ಕರೆತಂದಿದ್ದ ಆ ಇನ್ನೊಬ್ಬ ತಿಪ್ಪೇಸ್ವಾಮಿ ಅವರೇ. ಬಂದವರಿಗೆಲ್ಲ "ಒಪ್ಪಿಗೆ ಕೊಟ್ಟೋನು ನಾನೇ" ಅಂತ ಹೇಳಿಕೊಳ್ಳುತ್ತಿದ್ದರು.

ಅಷ್ಟರಲ್ಲಿ ಗಂಡಿನ ಕಡೆಯ ಮುದುಕಿಯೊಬ್ಬಳು ಹುಡುಗಿಯ ತಾಯಿಯನ್ನು ತಡೆದು, "ನಿಮ್ಮ ಯಜಮಾನ್ರು ಯಾರಮ್ಮ? ಇಲ್ಲಿ ತಿಪ್ಪೇಸ್ವಾಮಿ ಅಂದ್ರೆ ಇಬ್ಬಿಬ್ರು ತಿರುಗಿ ನೋಡ್ತಾರೆ" ಅಂದಳು.

ಆಕೆ ಸೆರಗು ಸರಿಮಾಡಿಕೊಂಡು, ಕೈಯಲ್ಲಿ ಅಕ್ಷತೆ ತಟ್ಟೆ ಹಿಡಿದು ನಿಂತಿದ್ದ ಗಂಡನ ಕಡೆ ಗಲ್ಲ ಎತ್ತಿ ತೋರಿಸಿದರು.

"ಅವರು ನಮ್ಮ ಪಿ.ಪಿ."

"ಮತ್ತೆ ಈ ರುಮಾಲಿನೋರು?"

"ಅವರು ಬರೀ ಆರ್ಡಿನರಿ."